ಕಿರುಬೆರಳಿನ ಚರಿತ್ರೆ

ಕ್ಲಾರಿನೆಟ್ ಕಲಿಯಲು ಹೋದವರು ಬೇಗನೆ ಕೇಳುವ ಮಾತು: ಬೆರಳನ್ನು ಮೇಲಕ್ಕೆ ಹಾರಿಸಬೇಡಿ, ರಂಧ್ರದ ಹತ್ತಿರವೇ ಇರಲಿ. ಬೆರಳು ಕಡಿಮೆ ದೂರ ಚಲಿಸಿದಷ್ಟೂ ದ್ರುತಗತಿಯ ಸ್ವರಗಳು ಸ್ಪಷ್ಟವಾಗುತ್ತವೆ. ಆದರೆ ಈ ವೇಗ ಸಾಧಕರ ಬೆರಳಿನಲ್ಲಿ ಮಾತ್ರ ಹುಟ್ಟಿದ್ದಲ್ಲ. ಅದರ ಅರ್ಧ ಚರಿತ್ರೆ ವಾದ್ಯ ತಯಾರಕರ ಕಾರ್ಯಾಗಾರದಲ್ಲಿದೆ.

1700ರ ಸುಮಾರಿಗೆ ನ್ಯೂರೆಂಬರ್ಗ್‌ನ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ರೂಪಿಸಿದನೆನ್ನಲಾದ ಈ ವಾದ್ಯಕ್ಕೆ ಒಂದು ವಿಚಿತ್ರ ಗುಣವಿದೆ. ಕೊಳಲಿನಲ್ಲಿ ಉಸಿರು ಬಿಗಿಮಾಡಿದರೆ ಷಡ್ಜವು ತಾರಷಡ್ಜವಾಗುತ್ತದೆ. ಕ್ಲಾರಿನೆಟ್‌ನಲ್ಲಿ ಅದು ಅಲ್ಲಿ ನಿಲ್ಲದೆ ತಾರಸ್ಥಾಯಿಯ ಪಂಚಮಕ್ಕೇ ಜಿಗಿಯುತ್ತದೆ. ನಡುವಿನ ಅಂತರ ತುಂಬಲು ಕೀಲಿಗಳು ಬೇಕಾದವು. ಅಷ್ಟಾದರೂ ಕೆಳಸ್ತರದಿಂದ ಮೇಲಿನ ಸ್ತರಕ್ಕೆ ದಾಟುವಾಗ, ಒಂದೆರಡು ಬೆರಳಿನ ಸ್ವರದಿಂದ ಎಲ್ಲ ಬೆರಳೂ ಒಟ್ಟಿಗೆ ಮುಚ್ಚಬೇಕಾದ ಸ್ವರಕ್ಕೆ ಕ್ಷಣದಲ್ಲಿ ಹೋಗಬೇಕು. ಅನುಭವಿಗಳು ಬಲಗೈಯ ಬೆರಳುಗಳನ್ನು ಮುಂಚೆಯೇ ಮುಚ್ಚಿಟ್ಟುಕೊಂಡು ಆ ದಾಟುವಿಕೆಯನ್ನು ಹಗುರಗೊಳಿಸುತ್ತಾರೆ.

ಹದಿನೆಂಟನೆಯ ಶತಮಾನದ ಕೊನೆಗೆ ಐದು ಕೀಲಿಗಳ ವಾದ್ಯ ರೂಢಿಯಲ್ಲಿತ್ತು. ಎಲ್ಲ ಶ್ರುತಿಗಳಲ್ಲೂ ವೇಗವಾಗಿ ನುಡಿಸುವುದು ಅದರಲ್ಲಿ ಕಷ್ಟ. ಹಾಗಾಗಿ ವಾದಕರು ಬೇರೆ ಬೇರೆ ಶ್ರುತಿಯ ವಾದ್ಯಗಳನ್ನು ಇಟ್ಟುಕೊಳ್ಳುತ್ತಿದ್ದರು. ಇವಾನ್ ಮ್ಯೂಲರ್ ಹದಿಮೂರು ಕೀಲಿಗಳ ಒಂದೇ ಕ್ಲಾರಿನೆಟ್ ಸಾಕೆಂದು 1812ರಲ್ಲಿ ಪ್ಯಾರಿಸ್ ಕನ್ಸರ್ವೇಟರಿಯ ಮುಂದಿಟ್ಟ. ಸಮಿತಿ ಒಪ್ಪಲಿಲ್ಲ. ಪ್ರತಿ ಶ್ರುತಿಯ ವಾದ್ಯಕ್ಕೂ ತನ್ನದೇ ನಾದವಿದೆ, ಒಂದೇ ವಾದ್ಯವಾದರೆ ಆ ವೈವಿಧ್ಯ ಅಳಿಯುತ್ತದೆ ಎಂಬುದು ಅದರ ವಾದವಾಗಿತ್ತು.

ಕಿರುಬೆರಳಿನ ಕಷ್ಟಕ್ಕೆ ಒಳ್ಳೆಯ ಪರಿಹಾರ ಬಂದದ್ದು ಅದೇ ಊರಿನಲ್ಲಿ. ಒಂದು ಕೀಲಿಯಿಂದ ಇನ್ನೊಂದಕ್ಕೆ ಕಿರುಬೆರಳು ಜಾರಬೇಕಾದಾಗ ವೇಗದ ಸ್ವರಗುಚ್ಛ ಮುಗ್ಗರಿಸುತ್ತಿತ್ತು. ವಾದಕ ಇಯಸಿಂತ್ ಕ್ಲೋಸೆ ಮತ್ತು ತಯಾರಕ ಲೂಯಿ ಓಗುಸ್ತ್ ಬ್ಯೂಫೆ 1839ರಲ್ಲಿ ಪ್ರದರ್ಶಿಸಿ, 1844ರಲ್ಲಿ ಪೇಟೆಂಟ್ ಪಡೆದ ವಾದ್ಯದಲ್ಲಿ ಕೆಲವು ಸ್ವರಗಳಿಗೆ ಎಡ, ಬಲ ಎರಡೂ ಕಿರುಬೆರಳುಗಳಿಗೆ ಕೀಲಿ ಸಿಕ್ಕಿತು. ಒಂದು ಜಾರುವ ಬದಲು ಎರಡೂ ಸರದಿಯ ಮೇಲೆ ದುಡಿಯಬಹುದಾಯಿತು. ರಂಧ್ರದ ಸುತ್ತಲಿನ ಉಂಗುರಗಳ ಕಲ್ಪನೆಯನ್ನು ಅವರು ಟೆಯೊಬಾಲ್ಡ್ ಬೋಮ್‌ನ ಕೊಳಲಿನಿಂದ ಪಡೆದರು. ಕ್ಲಾರಿನೆಟ್ ಅನ್ನು ಬೋಮ್ ಮುಟ್ಟದಿದ್ದರೂ ಈ ಪದ್ಧತಿಗೆ ಅವನ ಹೆಸರೇ ನಿಂತಿತು.

ಆದರೆ ಅನುಕೂಲವೇ ಎಲ್ಲವೂ ಅಲ್ಲ. ಜರ್ಮನಿಯ ವಾದಕರು ಇಂದಿಗೂ ತಮ್ಮದೇ ಓಲರ್ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತಕ್ಕೂ ರಾಯಚೂರಿನ ನರಸಿಂಹಲು ವಡವಾಟಿ ಹಿಂದೂಸ್ತಾನಿಗೂ ಒಗ್ಗಿಸಿದ ಈ ವಾದ್ಯದಲ್ಲಿ ಬೇಕಾದದ್ದು ವೇಗವಷ್ಟೇ ಅಲ್ಲ. ಗಮಕ, ಮೀಂಡ್ ಕೂಡ. ಕೀಲಿ ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ. ರಂಧ್ರದ ಅಂಚಿನಲ್ಲಿ ನಿಧಾನವಾಗಿ ಜಾರುವ ಬೆರಳು ಮಾತ್ರ ಸ್ವರದಿಂದ ಸ್ವರಕ್ಕೆ ಸುಲಭವಾಗಿ ನಡೆದು ಹೋಗಬಲ್ಲದು. ಅಂದರೆ ದ್ರುತಕ್ಕೆ ಅಡ್ಡಿಯೆನಿಸಿದ ಜಾರುವಿಕೆಯೇ ಇಲ್ಲಿ ಸಂಗೀತದ ಜೀವ.

1812ರ ಸಮಿತಿಯನ್ನು ಹಳೆಯ ಕಾಲದವರೆಂದು ನಗುವುದು ಸುಲಭ. ಆದರೆ ಇಂದಿನ ಆರ್ಕೆಸ್ಟ್ರಾ ವಾದಕರ ಪೆಟ್ಟಿಗೆ ತೆರೆದು ನೋಡಿ: ಬಿ ಫ್ಲಾಟ್ ಒಂದು, ಎ ಒಂದು, ಎರಡು ಕ್ಲಾರಿನೆಟ್‌ಗಳು ಇರುತ್ತವೆ. ಬೆರಳಿನ ವಾದದಲ್ಲಿ ಮ್ಯೂಲರ್ ಗೆದ್ದ. ಕಿವಿಯ ವಾದ ಇನ್ನೂ ಮುಗಿದಿಲ್ಲ.