ಕೋವಿಡ್-19 ಮತ್ತು ಹೃದಯಲಯದ ದೋಷಗಳು

ಕೋವಿಡ್-19 ಮುಖ್ಯವಾಗಿ ಶ್ವಾಸಕೋಶದ ಕಾಯಿಲೆಯಾದರೂ ಕೆಲವು ರೋಗಿಗಳಲ್ಲಿ ಹೃದಯದ ಬಡಿತವೂ ಲಯ ತಪ್ಪುತ್ತದೆ. 2020ರ ಆರಂಭದಲ್ಲಿ ಚೀನಾದ ವುಹಾನ್ ನಗರದ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದ 138 ರೋಗಿಗಳ ಪೈಕಿ ಶೇ. 16.7ರಷ್ಟು ಮಂದಿಯಲ್ಲಿ ಈ ದೋಷ ಕಂಡುಬಂದಿತು. ತೀವ್ರ ನಿಗಾ ಘಟಕದಲ್ಲಿದ್ದವರಲ್ಲಿ ಈ ಪ್ರಮಾಣ ಶೇ. 44.4ರಷ್ಟಿತ್ತು. ಈ ಅಂಕಿಗಳು ಆಸ್ಪತ್ರೆ ಸೇರಿದವರಿಗೆ ಸಂಬಂಧಿಸಿದವು. ಮನೆಯಲ್ಲಿಯೇ ಗುಣಮುಖರಾದವರಿಗೆ ಇವನ್ನು ಅನ್ವಯಿಸುವುದು ಸರಿಯಲ್ಲ.

ಕಾರಣಗಳು

ವೈರಾಣು ಹೃದಯದ ಸ್ನಾಯುವಿನಲ್ಲಿ ಉರಿಯೂತವನ್ನು ಉಂಟುಮಾಡಬಲ್ಲದು. ಆದರೆ ಅನೇಕ ವೇಳೆ ಲಯ ಕೆಡುವುದು ಕಾಯಿಲೆಯ ಒಟ್ಟು ತೀವ್ರತೆಯಿಂದ: ರಕ್ತದಲ್ಲಿ ಆಮ್ಲಜನಕದ ಕೊರತೆ, ಜ್ವರ, ದೇಹದಾದ್ಯಂತ ಹಬ್ಬುವ ಉರಿಯೂತ, ಪೊಟ್ಯಾಸಿಯಂ ಅಂಶದ ಏರುಪೇರು ಇತ್ಯಾದಿ. ಹೃದಯದ ಮೇಲಿನ ಕೋಣೆಗಳು ಕ್ರಮವಿಲ್ಲದೆ ಕಂಪಿಸುವ ಹೃತ್ಕರ್ಣ ಕಂಪನವು ಇಂತಹ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

ಔಷಧಗಳ ಪಾತ್ರ

ವಿಪರ್ಯಾಸವೆಂದರೆ, ಆರಂಭದಲ್ಲಿ ಭರವಸೆಯಿಂದ ನೀಡಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಅಜಿತ್ರೋಮೈಸಿನ್ ಎರಡೂ ಇಸಿಜಿಯಲ್ಲಿನ ಕ್ಯೂಟಿ ಅವಧಿಯನ್ನು ಹಿಗ್ಗಿಸುವಂಥವು. ಅದು ಅತಿಯಾದರೆ ಕೆಳಗಿನ ಕೋಣೆಗಳಲ್ಲಿ ಪ್ರಾಣಾಪಾಯಕಾರಿಯಾದ ವೇಗದ ಬಡಿತ ಆರಂಭವಾಗಬಹುದು. ಭಾರತದಲ್ಲಿ 2020ರ ಮಾರ್ಚ್‌ನಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಮುಂಜಾಗ್ರತೆಯಾಗಿ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವನೆಯನ್ನು ಸೂಚಿಸಲಾಗಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅದೇ ಏಪ್ರಿಲ್‌ನಲ್ಲಿ ಹೃದಯಲಯದ ಅಪಾಯದ ಕುರಿತು ಎಚ್ಚರಿಸಿ, ಜೂನ್ 15ರಂದು ಈ ಔಷಧದ ತುರ್ತು ಬಳಕೆಯ ಅನುಮತಿಯನ್ನು ಹಿಂಪಡೆಯಿತು.

ಗುಣವಾದ ಬಳಿಕ

ಕೆಲವರಿಗೆ ಸೋಂಕು ಕಳೆದ ಮೇಲೂ ಎದ್ದುನಿಂತೊಡನೆ ಎದೆ ಡವಗುಟ್ಟುತ್ತದೆ. ನಿಂತ 10 ನಿಮಿಷಗಳೊಳಗೆ ವಯಸ್ಕರ ನಾಡಿಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ, ರಕ್ತದೊತ್ತಡ ಕುಸಿಯದಿದ್ದರೆ, ವೈದ್ಯರು ಪಾಟ್ಸ್ ಎಂಬ ಸ್ಥಿತಿಯನ್ನು ಶಂಕಿಸುತ್ತಾರೆ. ಇಲ್ಲಿ ಬಡಿತದ ವೇಗ ಹೆಚ್ಚುತ್ತದೆಯೇ ಹೊರತು ಲಯ ಕೆಡುವುದಿಲ್ಲ.