ಗಜನಿಯ ಒಡ್ಡು, ಕಾಂಡ್ಲದ ಬೇಲಿ

ಎಂಟನೆಯ ತರಗತಿಯಲ್ಲಿ ಘಜ್ನಿ ಮಹಮ್ಮದನ ದಂಡಯಾತ್ರೆಗಳ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ನಮ್ಮ ಗಜನಿಗೂ ಅವನಿಗೂ ಏನು ಸಂಬಂಧ ಮಾಸ್ತರೇ?" ಕುಮಟಾ ತಾಲೂಕಿನ ಹೊಳೆದಂಡೆಯ ಮಕ್ಕಳಿಗೆ ಗಜನಿ ಎಂದರೆ ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ಏರಿ ಇಳಿಯುವ ತಗ್ಗುಭೂಮಿ. ಸಂಬಂಧವೇನೂ ಇಲ್ಲವೆಂದು ಹೇಳಿ ನಾನು ಪಾಠ ಮುಂದುವರಿಸುತ್ತಿದ್ದೆ. ಆದರೆ ಸೋಮನಾಥದ ಕತೆಗೆ ಪಠ್ಯಪುಸ್ತಕದಲ್ಲಿ ಪುಟಗಳಿದ್ದವು, ಮಕ್ಕಳ ಮನೆಯ ಹಿತ್ತಿಲಿಗೆ ತಾಗಿದ್ದ ಗಜನಿಗೆ ಒಂದು ಸಾಲೂ ಇರಲಿಲ್ಲ. ಈಗ ಬೆಂಗಳೂರು, ಮುಂಬಯಿ, ಮಸ್ಕತ್ತುಗಳಲ್ಲಿ ನೆಲೆಸಿರುವ ಆ ಮಕ್ಕಳಲ್ಲಿ ಕೆಲವರು ಇತ್ತೀಚೆಗೆ ಅಘನಾಶಿನಿಯ ಬಗ್ಗೆ ಬರೆಯಿರಿ ಎಂದು ಕೇಳಿದ್ದಾರೆ. 2024ರ ಜನವರಿಯಲ್ಲಿ ನಮ್ಮ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದಾಗಿನಿಂದ ಅದರ ಹೆಸರು ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತಿರುವುದೂ ಅದಕ್ಕೊಂದು ಕಾರಣವಿರಬಹುದು.

ರಾಮ್ಸಾರ್ ಎಂಬುದು ಇರಾನಿನ ಒಂದು ಊರು. ಜೌಗುಭೂಮಿಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1971ರಲ್ಲಿ ಅಲ್ಲಿ ಸಹಿ ಬಿದ್ದುದರಿಂದ ಆ ಹೆಸರು ಬಂದಿದೆ. ನಮ್ಮಲ್ಲಿ ಪಟ್ಟಿಗೆ ಸೇರಿದ್ದು 4,801 ಹೆಕ್ಟೇರ್. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ತದಡಿಯ ಬಳಿ ಕಡಲು ಸೇರುವ ಹೊಳೆ ಇದು. ಕಾಳಿ, ಶರಾವತಿಗಳ ಪಾಡನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿದೀತು.

ಗಜನಿಯ ಏರ್ಪಾಡು ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ಭರತಿ, ಎರಡು ಬಾರಿ ಇಳಿತ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತಿ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಹೊಳೆಯಂಚಿನ ತಗ್ಗುಭೂಮಿಗೆ ಊರವರು ಜೇಡಿಮಣ್ಣಿನ ಒಡ್ಡು ಕಟ್ಟಿ, ಅಲ್ಲಲ್ಲಿ ಮರದ ಹಲಗೆಯ ಬಾಗಿಲಿಟ್ಟರು. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಒಳಗಿನ ನೀರು ಬಾಗಿಲಿನಿಂದ ಹೊಳೆಗೆ ಹರಿಯುತ್ತದೆ, ಭರತಿ ಏರಿದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಜೂನ್, ಜುಲೈ ತಿಂಗಳ ಜಡಿಮಳೆ ಬೇಸಿಗೆಯ ಉಪ್ಪನ್ನು ತೊಳೆದು ಹಾಕಿದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಕೆಸರಿಗೆ ಎರಚುತ್ತಾರೆ. ಕಗ್ಗ ಉಪ್ಪನ್ನು ಸಹಿಸುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಕೊಳೆಯದೆ ತಲೆಯೆತ್ತುತ್ತದೆ. ಗೊಬ್ಬರ ಬೇಡ, ಹೊಳೆ ತಂದ ಗೋಡೇ ಗೊಬ್ಬರ. ಕೊಯ್ಲಿನಲ್ಲಿ ತೆನೆಯಷ್ಟನ್ನೇ ಕತ್ತರಿಸಿ ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಅನಂತರ ಬಾಗಿಲು ತೆರೆದರೆ ಉಪ್ಪುನೀರಿನ ಜೊತೆ ಸಿಗಡಿ, ಮೀನುಮರಿಗಳು ಒಳಬಂದು ಆ ಕೊಳೆತ ಹುಲ್ಲಿನ ಆಸರೆಯಲ್ಲಿ ಬೆಳೆಯುತ್ತವೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಗೋವೆಯ ಖಾಜನ್, ಕೇರಳದ ಪೊಕ್ಕಾಳಿ ಹಾಗೂ ಕೈಪಾಡ್ ಗದ್ದೆಗಳು ಇದೇ ಕುಟುಂಬದವು.

ಮಣ್ಣಿನ ಒಡ್ಡು ಹೊಳೆಯ ಅಲೆಗೆ ಹೇಗೆ ತಾಳುತ್ತಿತ್ತು? ಒಡ್ಡಿನ ಹೊರಮೈಗೆ ಕಾಂಡ್ಲದ ಗಿಡಗಳು ದಟ್ಟವಾಗಿದ್ದವು. ಕಾಂಡ್ಲದ ಬೇರುಗಳು ಗೂಡೆ ಹೆಣೆದಂತೆ ನೀರಿನೊಳಗೆ ಇಳಿಯುತ್ತವೆ. ಅಲೆ ಬಂದು ಅಲ್ಲಿ ಮುರಿಯುತ್ತದೆ, ನೀರಿನ ವೇಗ ತಗ್ಗಿದೊಡನೆ ಅದರಲ್ಲಿದ್ದ ಮಣ್ಣು ಬುಡದಲ್ಲಿ ಕೂರುತ್ತದೆ. ಹೀಗೆ ಒಡ್ಡಿನ ಮುಂದಿನ ನೆಲ ಕಾಲಕ್ರಮದಲ್ಲಿ ತಾನಾಗಿಯೇ ಎತ್ತರವಾಗುತ್ತದೆ. ಕಲ್ಲಿನ ಗೋಡೆ ಕಟ್ಟಿದ ದಿನ ಎಷ್ಟಿತ್ತೋ ಅಷ್ಟೇ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಾಗಿರುವಾಗ, ತಾನೇ ಬೆಳೆಯುವ ದಂಡೆಗೂ ಬೆಳೆಯದ ಗೋಡೆಗೂ ಇರುವ ಅಂತರ ಸಣ್ಣದೇನಲ್ಲ.

ಈ ಪ್ರದೇಶದ ಲಿಖಿತ ಚರಿತ್ರೆಯಲ್ಲಿ ಗಜನಿಗಿಂತ ಬಂದರಿನ ಸದ್ದೇ ಹೆಚ್ಚು. ಮಿರ್ಜಾನದ ಕೋಟೆ ನಿಂತಿರುವುದು ಕಾಳುಮೆಣಸಿನ ವ್ಯಾಪಾರದ ದಾರಿಯಲ್ಲಿ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕೆನರಾ ಸೀಮೆಯಲ್ಲಿ ಸಂಚರಿಸಿ ಬೇಸಾಯದ ಬಗೆಗಳನ್ನು ಬರೆದುಕೊಂಡ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗವಾಯಿತು. ಅದೇ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಕೊರತೆಯಾದಾಗ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ನಮ್ಮ ಬಂದರಿನಿಂದ ಹೊರಟಿತು. ಬೆಳೆದದ್ದು ಧಾರವಾಡದಲ್ಲಾದರೂ ಹೆಸರು ಮಾತ್ರ 'ಕುಮಟಾ ಹತ್ತಿ'! ದಫ್ತರಗಳು ಸುಂಕ ಬರುವುದನ್ನು ಬರೆದಿಡುತ್ತವೆ. ಒಡ್ಡಿನ ಮೇಲೆ ಮಣ್ಣು ಹಾಕಿದ ಹಾಲಕ್ಕಿಯವರ, ನಾಮಧಾರಿಗಳ, ಅಂಬಿಗರ ಹೆಸರನ್ನು ಯಾರು ಬರೆದಿಟ್ಟಾರು?

ಹಾಗೆಂದು ಹಳೆಯ ಕಾಲವನ್ನು ಸ್ವರ್ಗವೆಂದು ಬಣ್ಣಿಸುವ ಮನಸ್ಸು ನನಗಿಲ್ಲ. ಒಡ್ಡಿಗೆ ಮಣ್ಣು ಹಾಕುವ ದುಡಿಮೆ ಊರೊಟ್ಟಿನದು ಎನ್ನುವುದು ನಿಜವೇ. ಆ ಊರೊಟ್ಟಿನ ಹಿಂದೆ ಒಡೆಯನ ಅಪ್ಪಣೆಯೂ ಇರುತ್ತಿತ್ತು, ಗೇಣಿ ಕೊಟ್ಟು ಉಳಿದದ್ದೇ ಒಕ್ಕಲಿನ ಪಾಲಾಗುತ್ತಿತ್ತು. 1974ರ ಭೂಸುಧಾರಣೆ ಉಳುವವನಿಗೆ ನೆಲವನ್ನು ಕೊಟ್ಟಿತು. ಅದು ನ್ಯಾಯವಾದದ್ದು. ಆದರೆ ನೆಲ ಹಂಚಿಹೋದಂತೆ ಒಡ್ಡನ್ನು ಹಂಚಲು ಬರುವುದಿಲ್ಲ. ಒಂದು ಮಾರು ಒಡೆದರೂ ನೂರು ಮನೆಯ ಗದ್ದೆ ಉಪ್ಪಾಗುತ್ತದೆ. ಒಡ್ಡಿನ ಯಜಮಾನ ಯಾರೆಂಬ ಪ್ರಶ್ನೆಗೆ ಆ ಕಾಲದಲ್ಲಿ ದೊರೆತ ಉತ್ತರ 'ಸರಕಾರ' ಎಂಬುದು.

ಉಪ್ಪುನೆಲದ ಒಡ್ಡುಗಳನ್ನು ಸರಕಾರ ಕೈಗೆತ್ತಿಕೊಳ್ಳುವ ಆಲೋಚನೆ ಹೊಸತೇನಲ್ಲ. ನಾವು ಮುಂಬಯಿ ಪ್ರಾಂತ್ಯದಲ್ಲಿದ್ದ 1948ರಲ್ಲಿಯೇ ಖಾರ್ ಜಮೀನುಗಳ ಕಾಯಿದೆ ಬಂದಿತ್ತು. 1970ರ ದಶಕದಲ್ಲಿ ಅಘನಾಶಿನಿಯ ಗಜನಿಗಳಿಗೆ 'ಖಾರ್‌ಲ್ಯಾಂಡ್' ಹೆಸರಿನ ಕಲ್ಲಿನ ಶಾಶ್ವತ ಒಡ್ಡುಗಳಾದವು. ಒಡ್ಡು ಗಟ್ಟಿಯಾಯಿತು, ಬೆಳೆ ಉಳಿಯಿತು, ರೈತರು ಸಂತೋಷಪಟ್ಟರು. ಆದರೆ ಕೆಲಸಕ್ಕೆ ಅಡ್ಡಬಂದ ಕಾಂಡ್ಲ ಹೋಯಿತು. ಕಲ್ಲಿನ ಒಡ್ಡಿರುವಾಗ ಕಾಂಡ್ಲವೇಕೆ ಎಂದು ಉಳಿದದ್ದನ್ನೂ ಸೌದೆಗೆ ಕಡಿದರು. ಪ್ರತಿ ವರ್ಷ ಒಡ್ಡಿನ ಮೇಲೆ ನಡೆದು ಏಡಿಯ ಬಿಲಗಳನ್ನು ನೋಡಿ ಮುಚ್ಚುವ ರೂಢಿ ನಿಂತಿತು. ದುರಸ್ತಿಗೆ ಅರ್ಜಿ, ಅಂದಾಜುಪಟ್ಟಿ, ಟೆಂಡರು. ಅಷ್ಟರಲ್ಲಿ ಮುಂದಿನ ಮಳೆಗಾಲ.

ಅನಂತರ ಸಿಗಡಿಯ ಬಂಗಾರದ ದಿನಗಳು. ಕಗ್ಗದಿಂದ ಬರುವ ದುಡ್ಡು ಎಷ್ಟರದ್ದು? ರಫ್ತಿನ ಸಿಗಡಿಗೆ ಸಿಗುವ ದರ ಎಷ್ಟು! ಗಜನಿಗಳು ಗುತ್ತಿಗೆಗೆ ಹೋದವು, ಮಳೆಗಾಲದಲ್ಲಿಯೂ ಉಪ್ಪುನೀರಿಗೆ ಬಾಗಿಲು ತೆರೆದೇ ಇತ್ತು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ದೇಶದ ಸಿಗಡಿಕೆರೆಗಳನ್ನೆಲ್ಲ ಹೊಡೆಯಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ ಕೈಗಾರಿಕಾ ಸ್ವರೂಪದ ಸಿಗಡಿ ಕೃಷಿ ಕೂಡದೆಂದಿತು, ಸಾಂಪ್ರದಾಯಿಕ ಪದ್ಧತಿಗಳನ್ನು ಬಿಟ್ಟುಕೊಟ್ಟಿತು. ಗಜನಿಯ ಮಟ್ಟಿಗೆ ಹೇಳುವುದಾದರೆ ಅಷ್ಟರಲ್ಲಿ ಭತ್ತವೂ ಇಲ್ಲ, ಸಿಗಡಿಯೂ ಇಲ್ಲ ಎಂಬ ಎಕರೆಗಳು ಎಷ್ಟೋ ಆಗಿದ್ದವು. ದಂಡೆಯ ಬಾವಿಗಳಿಗೆ ಉಪ್ಪು ಇಳಿದ ಕತೆಯನ್ನು ಅಲ್ಲಿಯ ಹೆಣ್ಣುಮಕ್ಕಳನ್ನು ಕೇಳಿಯೇ ತಿಳಿಯಬೇಕು.

ಇಲ್ಲಿ ಹಾಲೆಂಡಿನ ಮಾತು ಬಾರದೆ ಹೋಗದು. ಕಡಲನ್ನು ಒಡ್ಡಿನಿಂದ ಗೆದ್ದ ನಾಡೆಂದು ನಮ್ಮ ಭೂಗೋಳದ ಪುಸ್ತಕಗಳು ಅದನ್ನು ಹೊಗಳುತ್ತಿದ್ದವು. 1953ರ ಕಡಲ ನೆರೆಯಲ್ಲಿ ಅಲ್ಲಿ 1,836 ಜನ ಸತ್ತರು. ಡಚ್ಚರು ಭಾರಿ ತಡೆಗೋಡೆಗಳನ್ನು ಕಟ್ಟಿದರು. ಆದರೆ 1993 ಮತ್ತು 1995ರಲ್ಲಿ ನೆರೆ ಬಂದದ್ದು ಹಿಂದಿನಿಂದ, ನದಿಗಳ ಕಡೆಯಿಂದ. 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಅವರು ಹಿಡಿದ ದಾರಿ ಬೇರೆ. 'ನದಿಗೆ ಜಾಗ' ಎಂಬ ಯೋಜನೆಯಲ್ಲಿ 30ಕ್ಕೂ ಹೆಚ್ಚು ಕಡೆ ಒಡ್ಡುಗಳನ್ನು ಹಿಂದಕ್ಕೆ ಸರಿಸಿದರು, ಕೆಲವೆಡೆ ತಗ್ಗಿಸಿದರು, ನೆರೆ ಬಂದಾಗ ಗದ್ದೆಗಳ ಮೇಲೆ ಹರಡಲು ಬಿಟ್ಟರು. ಒಂದು ಕಡೆ ರೈತರು ದಿಬ್ಬಗಳ ಮೇಲೆ ಹೊಸ ಮನೆ ಕಟ್ಟಿಕೊಂಡು ಕೆಳಗಿನ ಹೊಲವನ್ನು ನದಿಗೆ ಒಪ್ಪಿಸಿದ್ದಾರೆ. ಓದುತ್ತಿದ್ದಾಗ ನನಗೆ ನಗು ಬಂದಿತು. ನೀರನ್ನು ಒಳಗೆ ಬಿಟ್ಟುಕೊಂಡೂ ಉಣ್ಣುವ ವಿದ್ಯೆಯನ್ನು ನಮ್ಮ ದಂಡೆಯವರು ಯಾವ ಎಂಜಿನಿಯರನ್ನೂ ಕೇಳದೆ ರೂಢಿಸಿಕೊಂಡಿದ್ದರು.

2019ರ ಆಗಸ್ಟಿನ ನೆರೆಯನ್ನು ನಿಮ್ಮಲ್ಲಿ ಅನೇಕರು ದೂರದಿಂದ ಫೋನಿನಲ್ಲಿ ಕೇಳಿ ಕಂಗಾಲಾಗಿದ್ದಿರಿ. ಘಟ್ಟದ ಮೇಲೆ ಎಡೆಬಿಡದೆ ಮಳೆ ಸುರಿದು ಹೊಳೆ ಇಳಿದು ಬರುವಾಗ ಕೆಳಗಿನಿಂದ ಭರತಿಯೂ ಏರಿದರೆ ನೀರು ನಡುವೆ ನಿಲ್ಲುತ್ತದೆ. ಹಾಗೆ ನಿಂತ ನೀರಿಗೆ ಹರಡಿಕೊಳ್ಳಲು ಎಡೆಯಾಗುವುದು ಗಜನಿ. ಅದನ್ನು ಮಣ್ಣು ತುಂಬಿ ಎತ್ತರಿಸಿದರೆ ನೀರು ಪಕ್ಕದ ಕೇರಿಯನ್ನು ಹುಡುಕುತ್ತದೆ. ಇದಕ್ಕೆ ಬಿಎಡ್ ಓದಬೇಕಾಗಿಲ್ಲ.

ಅರಣ್ಯ ಇಲಾಖೆಯು ಕೆಲವು ದಶಕಗಳಿಂದ ಅಳಿವೆಯಲ್ಲಿ ಕಾಂಡ್ಲವನ್ನು ಮತ್ತೆ ನೆಡಿಸಿದೆ. ಇಂದು ದೋಣಿಯಲ್ಲಿ ಹೋದರೆ ಹಸಿರು ಗೋಡೆ ಕಣ್ಣಿಗೆ ಹಬ್ಬ. ನನ್ನ ಅಸಮಾಧಾನವಿರುವುದು ನೆಟ್ಟ ಸಸಿಗಳ ಲೆಕ್ಕವನ್ನೇ ಸಾಧನೆಯೆಂದು ಓದುವ ಭಾಷಣಗಳ ಬಗ್ಗೆ. ಬಳಚು ಆರಿಸುವ ಹೆಂಗಸರಿಗೆ ಬರಿಯ ಕೆಸರಿನ ದಿಣ್ಣೆ ಬೇಕು, ಅಲ್ಲಿ ಕಾಂಡ್ಲ ನೆಟ್ಟರೆ ಅವರ ಅನ್ನ ಹೋಯಿತು. ಗದ್ದೆಯೊಳಗೆ ಕಾಂಡ್ಲ ಎದ್ದರೆ ಕಗ್ಗ ಹೋಯಿತು. ಒಡ್ಡಿನ ಹೊರಗೆ ಕಾಂಡ್ಲ, ಒಳಗೆ ಕಗ್ಗ, ಹೊಳೆಯ ನಡುವೆ ಬಳಚು ಎಂದು ಹಿಂದಿನವರು ಗೆರೆ ಎಳೆದಿದ್ದರು. ಗೆರೆ ಎಲ್ಲಿದೆಯೆಂದು ಬಲ್ಲವರನ್ನು ಕೇಳಿ ನೆಟ್ಟರೆ ಸಾಕು. ಪಟ್ಟಿಗೆ ಸೇರಿದ ಅಳಿವೆಯಲ್ಲಿ ಇನ್ನು ಮುಂದೆ ಕಗ್ಗದ ರೈತನೂ ಬಳಚಿನ ಹೆಂಗಸೂ ಸಭೆಯ ಮುಂದಿನ ಸಾಲಿನಲ್ಲಿ ಕೂರುತ್ತಾರೆಯೇ ಎಂಬುದನ್ನು ನಾನು ನೋಡುತ್ತಿದ್ದೇನೆ.

ಮಾಣಿಕಟ್ಟೆಯ ರೈತರು ಒಟ್ಟಾಗಿ ಕಗ್ಗ ಬಿತ್ತುವುದನ್ನು ಕೈಬಿಡದೆ ಮಾಡಿಕೊಂಡು ಬಂದಿದ್ದಾರೆ. ತಂತಮ್ಮ ಪಾಲಿನ ಅಂಚು ನೋಡದೆ ಇಡೀ ಗಜನಿಯನ್ನು ಒಂದೇ ಗದ್ದೆಯೆಂಬಂತೆ ಬಿತ್ತುತ್ತಾರೆ. ತೆನೆ ಹಾಲುಗಟ್ಟುವ ಹೊತ್ತಿಗೆ ಹಕ್ಕಿಗಳ ಹಿಂಡು ಇಳಿಯುತ್ತದೆ. ಗಜನಿಯ ತುಂಬ ಬಿತ್ತಿದ್ದರೆ ನಷ್ಟ ಎಲ್ಲರಿಗೂ ಹಂಚಿಹೋಗುತ್ತದೆ, ಒಬ್ಬನೇ ಬಿತ್ತಿದ್ದರೆ ಅವನಿಗೆ ಹುಲ್ಲು ಮಾತ್ರ. ಭತ್ತದ ಬೀಜ ಬಹಳ ವರ್ಷ ಇಟ್ಟರೆ ಮೊಳೆಯುವುದಿಲ್ಲವಾದ್ದರಿಂದ ತಳಿ ಉಳಿಯಲು ಒಂದಲ್ಲ ಒಂದು ಗಜನಿಯಲ್ಲಿ ಪ್ರತಿ ಮಳೆಗಾಲವೂ ಬಿತ್ತನೆಯಾಗಲೇಬೇಕು. ನಿಮ್ಮಲ್ಲಿ ಯಾರದಾದರೂ ಮನೆತನದ ಪಾಲು ಗಜನಿಯಲ್ಲಿ ಪಾಳುಬಿದ್ದಿದ್ದರೆ, ಮಾರುವ ಮೊದಲು ಮೇ ತಿಂಗಳ ರಜೆಗೆ ಬಂದಾಗ ಒಮ್ಮೆ ಅವರನ್ನು ಕಂಡು ಮಾತಾಡಿ. ಮೊಳಕೆಗೆ ಹಾಕುವುದು ಜೂನಿನ ಮಳೆ ಹಿಡಿದ ಮೇಲೆ.