ದಂಡ ತೆತ್ತರೆ ತಪ್ಪು ತೀರಿತೆ?

2010ರ ಜುಲೈ 2ರ ರಾತ್ರಿ. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಫುಟ್‌ಬಾಲಿನ ಕ್ವಾರ್ಟರ್ ಫೈನಲ್. ಘಾನಾ, ಉರುಗ್ವೆ ಎರಡೂ ಒಂದೊಂದು ಗೋಲು ಹೊಡೆದು ಸಮಸಮ ನಿಂತಿದ್ದವು. ಹೆಚ್ಚುವರಿ ಆಟದ ಕೊನೆಯ ಗಳಿಗೆಯಲ್ಲಿ ಘಾನಾದವನೊಬ್ಬ ತಲೆಯಿಂದ ಹೊಡೆದ ಚೆಂಡು ಇನ್ನೇನು ಗೋಲು ಸೇರಬೇಕು, ಗೆರೆಯ ಮೇಲಿದ್ದ ಉರುಗ್ವೆಯ ಲೂಯಿಸ್ ಸುವಾರೆಸ್ ಎರಡೂ ಕೈಯೊಡ್ಡಿ ತಡೆದುಬಿಟ್ಟ. ಗೋಲ್‌ಕೀಪರನಲ್ಲದವನು ಕೈ ಹಚ್ಚುವಂತಿಲ್ಲ ಎಂಬುದು ಮಕ್ಕಳಿಗೂ ಗೊತ್ತು.

ನಿಯಮದಂತೆ ಅವನಿಗೆ ಕೆಂಪು ಚೀಟಿ, ಘಾನಾಕ್ಕೆ ಪೆನಾಲ್ಟಿ. ಆದರೆ ಅಸಮೊವಾ ಗ್ಯಾನ್ ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಹಾರಿತು. ಆಮೇಲಿನ ಪೆನಾಲ್ಟಿ ಸರದಿಯಲ್ಲಿ ಉರುಗ್ವೆ 4–2ರಿಂದ ಗೆದ್ದಿತು. ಆಫ್ರಿಕದ ತಂಡವೊಂದು ಸೆಮಿಫೈನಲ್ ಕಾಣಲು 2022ರಲ್ಲಿ ಮೊರಾಕ್ಕೊ ಬರುವತನಕ ಕಾಯಬೇಕಾಯಿತು.

ಸುವಾರೆಸ್ ಮಾಡಿದ್ದು ಸರಿಯೆ? ಹೆಚ್ಚು ಜನಕ್ಕೆ ಹೆಚ್ಚು ಸುಖ ಕೊಡುವುದೇ ಸರಿ ಎಂದ ಬೆಂಥಮ್‌ನ ತಕ್ಕಡಿ ಹಿಡಿದರೆ, ಒಂದು ಕಡೆ ಉರುಗ್ವೆಯ ಸುಮಾರು 33 ಲಕ್ಷ ಜನರ ಹಿಗ್ಗು, ಇನ್ನೊಂದು ಕಡೆ ಘಾನಾದ ಎರಡು ಕೋಟಿಗೂ ಮಿಕ್ಕ ಜನರ ಕಣ್ಣೀರು. ಜರ್ಮನಿಯ ಕಾಂಟ್ ಕೇಳುವುದೇ ಬೇರೆ: ಎಲ್ಲರೂ ಹೀಗೇ ಮಾಡಿದರೆ ಆಟ ಉಳಿದೀತೆ? ಅರಿಸ್ಟಾಟಲ್ ಅಂಥವನಾದರೋ, ಇಂಥ ಗೆಲುವು ಆಡಿದವನನ್ನು ಎಂಥ ಮನುಷ್ಯನನ್ನಾಗಿ ಮಾಡುತ್ತದೆ ಎಂದು ನೋಡುತ್ತಾನೆ.

2022ರಲ್ಲಿ ಅದೇ ಎರಡು ತಂಡಗಳು ಎದುರಾದಾಗ ಸುವಾರೆಸ್ ಕ್ಷಮೆ ಕೇಳಲು ಒಪ್ಪಲಿಲ್ಲ. ತನಗೆ ಶಿಕ್ಷೆಯಾಯಿತು, ಪೆನಾಲ್ಟಿ ತಪ್ಪಿಸಿಕೊಂಡವರು ಅವರು ಎಂಬುದು ಅವನ ವಾದ. ತನ್ನವರಿಗಾಗಿ ಸೆಮಿಫೈನಲ್ ಆಡುವ ಭಾಗ್ಯವನ್ನೇ ಬಿಟ್ಟುಕೊಟ್ಟವನು ಎಂದು ಅವನ ನಾಡಿನವರು ಮೆಚ್ಚಿದ್ದೂ ಸುಳ್ಳಲ್ಲ. ಗದಾಯುದ್ಧದಲ್ಲಿ ಭೀಮ ತೊಡೆಗೆ ಹೊಡೆದಾಗಲೂ ಕೃಷ್ಣ ಸಮರ್ಥಿಸಿದ, ಬಲರಾಮ ಸಿಟ್ಟಿಗೆದ್ದ. ನಾವು ಇಂದಿಗೂ ಇಬ್ಬರ ಮಾತಿಗೂ ತಲೆದೂಗುತ್ತೇವೆ.

ಆದರೂ ದಂಡವೆಂದರೆ ಬೆಲೆಯಲ್ಲ ಅನ್ನಿಸುತ್ತದೆ ನನಗೆ. ಬೆಲೆ ಕೊಟ್ಟರೆ ಸಾಮಾನು ನಮ್ಮದಾಗುತ್ತದೆ. ದಂಡ ಕಟ್ಟಿದರೆ ತಪ್ಪು ಒಪ್ಪಾಗುವುದಿಲ್ಲ. ಕುಂಟೆಬಿಲ್ಲೆಯಲ್ಲಿ ಅರಿಯದೆ ಗೆರೆ ತುಳಿಯುವುದು ಬೇರೆ, ಸೋಲುತ್ತೇನೆಂದು ತಿಳಿದು ಗೆರೆಯನ್ನೇ ಕಾಲಿನಿಂದ ಅಳಿಸುವುದು ಬೇರೆ. ಅಂದು ಘಾನಾಕ್ಕೆ ಸಿಕ್ಕಿದ್ದು ಗೋಲಲ್ಲ, ಗೋಲು ಹೊಡೆಯುವ ಇನ್ನೊಂದು ಅವಕಾಶ ಮಾತ್ರ. ಕೈಯಿಂದ ಕಸಿದದ್ದನ್ನು ಕೆಂಪು ಚೀಟಿ ಮರಳಿಸಲಿಲ್ಲ.